ಕೈ ತೆಗಿ, ಮೊದ್ಲು ಎಣಿಸು: ಡಿಸಾಸ್ಟರ್ ನರ್ಸಿಂಗ್ ನಾನು ಕಲ್ತಿದ್ದು ಹೀಗೆ

ನರ್ಸಿಂಗ್ ಓದೋವಾಗ ಡಿಸಾಸ್ಟರ್ ಮ್ಯಾನೇಜ್‌ಮೆಂಟ್ ಅನ್ನೋ ಚಾಪ್ಟರ್ ನಮಗೆಲ್ಲ ಪುಕ್ಕಟೆ ಮಾರ್ಕ್ಸ್ ಇದ್ದ ಹಾಗೆ. ಡೆಫಿನಿಷನ್ ಬರಿ, ನಾಲ್ಕು ಹಂತ ಬರಿ, ಒಂದು ರೌಂಡ್ ಹಾಕಿ ಬಾಣ ಎಳಿ, ಹತ್ತಕ್ಕೆ ಏಳು ಬಂದೇ ಬರತ್ತೆ. ನಾನೂ ಹಂಗೇ ಪಾಸಾದವಳು. ಮಿಟಿಗೇಷನ್ (ಹಾನಿ ಮೊದಲೇ ತಗ್ಗಿಸೋದು), ಪ್ರಿಪೇರ್ಡ್‌ನೆಸ್ (ತಯಾರಿ), ರೆಸ್ಪಾನ್ಸ್ (ಆದಾಗ ಓಡೋದು), ರಿಕವರಿ (ಆಮೇಲೆ ಚೇತರಿಸ್ಕೊಳ್ಳೋದು) ಅಂತ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ದೆ. ಆದ್ರೆ ಕೆಲಸಕ್ಕೆ ಸೇರಿ ಮೂರನೇ ವರ್ಷ ಕ್ಯಾಶುವಾಲ್ಟಿ ನೈಟ್ ಡ್ಯೂಟೀಲಿ ಒಂದು ಬಸ್ ಉರುಳಿ 31 ಜನ ಬಂದ ದಿನ, ಆ ಏಳು ಮಾರ್ಕ್ಸು ಎಲ್ಲೋಯ್ತೋ ಗೊತ್ತಿಲ್ಲ. ಈಗ ನಾನೇ ಸ್ಟೂಡೆಂಟ್ಸ್‌ಗೆ ಅದೇ ಚಾಪ್ಟರ್ ಹೇಳ್ಕೊಡ್ತೀನಿ, ಅದಕ್ಕೇ ಆ ರಾತ್ರಿಯಿಂದಾನೇ ಶುರು ಮಾಡ್ತೀನಿ.

ರಾತ್ರಿ ಹನ್ನೊಂದು ಕಾಲು. ನಾವಿದ್ದಿದ್ದು ಇಬ್ಬರು ಸ್ಟಾಫ್ ನರ್ಸು, ಒಬ್ರು ಡ್ಯೂಟಿ ಡಾಕ್ಟರ್, ಒಬ್ಬ ಇಂಟರ್ನ್, ಒಬ್ಬ ವಾರ್ಡ್ ಬಾಯ್. ಬೆಡ್ಡು ಆರು. ಫೋನ್ ಬಂತು, ಬಸ್ ಆಕ್ಸಿಡೆಂಟ್ ಆಗಿದೆ, ಪೇಷಂಟ್ಸ್ ಬರ್ತಿದಾರೆ ಅಂತ ಅಷ್ಟೇ ಹೇಳಿ ಇಟ್ರು. ಎಷ್ಟು ಜನ, ಎಂಥ ಗಾಯ, ಯಾವಾಗ ಬರ್ತಾರೆ, ಯಾವುದೂ ಕೇಳ್ಲಿಲ್ಲ ನಾನು. ಇದು ಮೊದಲನೇ ತಪ್ಪು. ಈಗ ಫೋನ್ ಪಕ್ಕ ಗೋಡೆ ಮೇಲೆ ಒಂದು ಚೀಟಿ ಅಂಟಿಸಿದೀವಿ, ಏನಾಯ್ತು, ಎಲ್ಲಾಯ್ತು, ಎಷ್ಟು ಜನ, ಕೆಮಿಕಲ್ಲೋ ಬೆಂಕಿಯೋ ಏನಾದ್ರೂ ಇದೆಯಾ, ಎಷ್ಟು ಹೊತ್ತಲ್ಲಿ ಬರ್ತಾರೆ, ಹೇಳ್ತಿರೋರ ಹೆಸರು ನಂಬರ್ ಏನು. ಗಾಬರೀಲಿ ತಲೆ ಓಡಲ್ಲ, ಚೀಟಿ ಓದಕ್ಕೆ ಮಾತ್ರ ಬರತ್ತೆ.

ಹದಿನೈದು ನಿಮಿಷಕ್ಕೆ ಮೊದಲ್ನೇ ಬ್ಯಾಚ್ ಬಂತು, ಆಂಬುಲೆನ್ಸಲ್ಲಲ್ಲ, ಸಿಕ್ಕ ಸಿಕ್ಕ ಗಾಡಿ ಹತ್ತಿ ತಾವೇ ಬಂದೋರು. ಹಣೆ ಒಡೆದು ರಕ್ತ, ಕೈ ಮುರಿದಿದೆ, ಎಲ್ಲರೂ ಕೂಗ್ತಿದಾರೆ, ಅಳ್ತಿದಾರೆ. ನಾನು ಯಾರು ಜೋರಾಗಿ ಕೂಗ್ತಾರೋ ಅವರ ಹತ್ರ ಓಡೋದು, ಗಾಜ್ ಒತ್ತೋದು, ಬೆಡ್ ಮೇಲೆ ಮಲಗಿಸೋದು. ಹತ್ತು ನಿಮಿಷದಲ್ಲಿ ಆರೂ ಬೆಡ್ ಫುಲ್. ಒಳ್ಳೆ ಕೆಲಸ ಮಾಡ್ತಿದೀನಿ ಅಂತಾನೇ ಅನ್ಕೊಂಡಿದ್ದೆ ಆಗ. ಆಮೇಲೆ ಆಂಬುಲೆನ್ಸ್ ಬಂತು. ಅದರಲ್ಲಿದ್ದೋನು ಕೂಗ್ತಿರ್ಲಿಲ್ಲ, ಮಾತೇ ಇಲ್ಲ, ಬಿಳಿಚ್ಕೊಂಡಿದ್ದ, ಉಸಿರು ಎಳೀತಿದ್ದ. ಅವನನ್ನ ಇಳಿಸೋಕೆ ಜಾಗ ಇಲ್ಲ. ಆಕ್ಸಿಜನ್ ಇರೋ ಬೆಡ್ಡಲ್ಲಿ ಕಾಲು ಉಳುಕಿರೋರು ಮಲಗಿದಾರೆ.

ಇದು ನಮ್ಮ ಕ್ಯಾಶುವಾಲ್ಟೀಲಿ ಮಾತ್ರ ಆಗೋದಲ್ಲ, ಎಲ್ಲಾ ಕಡೆ ಹೀಗೇನೇ. ಮೊದಲು ಬರೋರು ಕಾಲಲ್ಲಿ ಶಕ್ತಿ ಇರೋರು. ನಿಜವಾಗ್ಲೂ ಸೀರಿಯಸ್ ಆಗಿರೋರನ್ನ ಬಸ್ಸಿಂದ ಬಿಡಿಸಿ, ಎತ್ತಿ, ಸಾಗಿಸಿ ತರಬೇಕು, ಅವರು ಎರಡನೇ ಅಲೆ. ಮೊದಲ್ನೇ ಅಲೆಗೆ ಬೆಡ್ ಎಲ್ಲ ಕೊಟ್ಬಿಟ್ರೆ ಎರಡನೇದಕ್ಕೆ ನೆಲವೇ ಗತಿ.

ಅಷ್ಟೊತ್ತಿಗೆ ವಾರ್ಡಿಂದ ನಮ್ಮ ಸೀನಿಯರ್ ಸಿಸ್ಟರ್ ಒಬ್ರು ಇಳಿದು ಬಂದ್ರು. ಬಾಗಿಲಲ್ಲಿ ಒಂದು ನಿಮಿಷ ಸುಮ್ನೆ ನಿಂತು ನೋಡಿದ್ರು. ನಾನು ಒಬ್ಬರ ಹಣೆಗೆ ಪಟ್ಟಿ ಸುತ್ತುತಾ ಇದ್ದೆ. ಹತ್ರ ಬಂದು "ಏ ಹುಡ್ಗಿ, ಕೈ ತೆಗಿ. ಮೊದ್ಲು ಎಣಿಸು" ಅಂದ್ರು. ಸಿಸ್ಟರ್, ರಕ್ತ ಬರ್ತಿದೆ ಅಂದೆ. "ಅವ್ರ ಕೈ ಅವ್ರ ಹಣೆ ಮೇಲೆ ಇಡು, ಅವ್ರೇ ಒತ್ಕೊಳ್ತಾರೆ, ನೀನು ಎಣಿಸು" ಅಂದ್ರು. ಆಮೇಲೆ ಇಡೀ ಹಾಲ್‌ಗೆ ಕೇಳೋ ಹಾಗೆ "ಯಾರ್ಯಾರು ಎದ್ದು ನಡೀಬಲ್ರೋ ಎಲ್ಲಾ ಓಪಿಡಿ ಕಡೆ ಬನ್ನಿ, ಅಲ್ಲಿ ನೋಡ್ತಾರೆ" ಅಂತ ಒಂದೇ ಸಲ ಕೂಗಿದ್ರು. ಅರ್ಧ ಕ್ಯಾಶುವಾಲ್ಟಿ ಎದ್ದು ಹೊರಟೋಯ್ತು. ನಾನು ಬೆಡ್ ಮೇಲೆ ಮಲಗಿಸಿದ್ದ ಆರರಲ್ಲಿ ಐದು ಜನ ಎದ್ದು ನಡೆದ್ರು.

ಡಿಸಾಸ್ಟರ್ ಅಂದ್ರೆ ಏನು ಅನ್ನೋದು ನನಗೆ ತಿಳಿದಿದ್ದು ಆ ಕ್ಷಣದಲ್ಲಿ. ದೊಡ್ಡ ಘಟನೆ ಅಲ್ಲ ಅದು, ಲೆಕ್ಕ ತಪ್ಪೋದು. ಒಬ್ಬ ಪೇಷಂಟ್‌ಗೆ ಹಾರ್ಟ್ ನಿಂತ್ರೆ ಅದು ಎಮರ್ಜೆನ್ಸಿ, ನಾವು ಐದೂ ಜನ ಅವನ ಮೇಲೇ ಬೀಳ್ತೀವಿ, ಆಗತ್ತೆ. ಏಕ್‌ದಂ ಮೂವತ್ತು ಜನ ಬಂದ್ರೆ ನಮ್ಮ ಹತ್ರ ಇರೋ ಕೈಗಳಿಗಿಂತ ಬೇಕಾದ ಕೈಗಳು ಜಾಸ್ತಿ. ಅದೇ 31 ಜನ ಒಂದು ದೊಡ್ಡ ಟ್ರಾಮಾ ಸೆಂಟರ್‌ಗೆ ಹಗಲು ಹೊತ್ತು ಹೋಗಿದ್ರೆ ಅವರಿಗೆ ಅದು ಬ್ಯುಸಿ ದಿನ ಅಷ್ಟೆ. ಹಝಾರ್ಡ್ (ಅಪಾಯ ತರೋ ಘಟನೆ) ಬೇರೆ, ಡಿಸಾಸ್ಟರ್ ಬೇರೆ ಅಂತ ಪುಸ್ತಕದಲ್ಲಿ ಬರೆಯೋದೂ ಇದನ್ನೇ. ಜನಾನೇ ಇಲ್ಲದ ಜಾಗದಲ್ಲಿ ಭೂಮಿ ನಡುಗಿದ್ರೆ ಅದು ಬರೀ ಭೂಕಂಪ, ಕಳಪೆ ಕಟ್ಟಡಗಳ ಕೆಳಗೆ ಜನ ಮಲಗಿದ್ದಾಗ ನಡುಗಿದ್ರೆ ಡಿಸಾಸ್ಟರ್. ಅದಕ್ಕೇ ಈ ಕ್ಷೇತ್ರದಲ್ಲಿ ಕೆಲಸ ಮಾಡೋರು ಎಷ್ಟೋ ಜನ "ನೈಸರ್ಗಿಕ ವಿಕೋಪ" ಅನ್ನೋ ಪದಾನೇ ಇಷ್ಟಪಡಲ್ಲ, ಗಾಳಿ ಮಳೆ ನಿಸರ್ಗದ್ದು, ವಿಕೋಪ ನಾವು ಮಾಡ್ಕೊಂಡಿದ್ದು ಅಂತಾರೆ.

ಸರಿ, ಎಣಿಸೋದು ಹೇಗೆ ಅಂತ ಹೇಳ್ತೀನಿ. ಸಿಸ್ಟರ್ ಮಾಡಿಸಿದ್ದು ಸ್ಟಾರ್ಟ್ ಟ್ರಯಾಜ್, 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚಲ್ಲಿ ಅಲ್ಲಿನ ಫೈರ್ ಡಿಪಾರ್ಟ್‌ಮೆಂಟು ಮತ್ತೆ ಹೋಗ್ ಆಸ್ಪತ್ರೆಯೋರು ಸೇರಿ ಮಾಡಿದ್ದು. ಟ್ರಯಾಜ್ ಅನ್ನೋ ಪದ ಫ್ರೆಂಚ್‌ದು, ಆರಿಸೋದು, ವಿಂಗಡಿಸೋದು ಅಂತ ಅರ್ಥ. ನೆಪೋಲಿಯನ್ ಸೈನ್ಯದ ಸರ್ಜನ್ ಲಾರೆ ಅನ್ನೋರು ಗಾಯಾಳು ಯಾವ ರ‍್ಯಾಂಕ್ ಅಂತ ನೋಡದೆ ಗಾಯ ಎಷ್ಟು ಗಂಭೀರ ಅಂತ ನೋಡಿ ಟ್ರೀಟ್ ಮಾಡಕ್ಕೆ ಶುರು ಮಾಡಿದ್ರು, ಅಲ್ಲಿಂದ ಬಂದ ದಾರಿ ಇದು. ಒಬ್ಬರಿಗೆ ಒಂದು ನಿಮಿಷದೊಳಗೆ ಮುಗಿಸಬೇಕು, ಸಾಧ್ಯವಾದ್ರೆ ಅರ್ಧ ನಿಮಿಷ. ಪ್ರತಿಯೊಬ್ಬರಿಗೂ ಒಂದು ಬಣ್ಣದ ಟ್ಯಾಗ್ ಕಟ್ಟೋದು: ಕೆಂಪು ಅಂದ್ರೆ ತಕ್ಷಣ ನೋಡಬೇಕು, ಹಳದಿ ಸ್ವಲ್ಪ ಕಾಯಬಹುದು, ಹಸಿರು ಸಣ್ಣಪುಟ್ಟ ಗಾಯ, ಕಪ್ಪು ಸತ್ತಿರೋರು ಇಲ್ಲಾ ಉಳಿಯಲ್ಲ ಅನ್ನೋರು. ನಡೆಯೋರು ಹಸಿರು, ಅವರನ್ನ ಆಗ್ಲೇ ಪಕ್ಕಕ್ಕೆ ಕಳಿಸಾಯ್ತು. ಉಳಿದೋರಲ್ಲಿ ನಿಮಗೆ ಹತ್ರ ಇರೋರಿಂದ ಶುರು. ಉಸಿರಾಡ್ತಿದಾರಾ? ಇಲ್ಲ ಅಂದ್ರೆ ತಲೆ ಹಿಂದಕ್ಕೆ ಮಾಡಿ ಏರ್‌ವೇ (ಉಸಿರಿನ ದಾರಿ) ಓಪನ್ ಮಾಡು, ಆಗ್ಲೂ ಉಸಿರಿಲ್ಲ ಅಂದ್ರೆ ಕಪ್ಪು, ಉಸಿರು ಬಂದ್ರೆ ಕೆಂಪು. ತಾನಾಗೇ ಉಸಿರಾಡ್ತಿದ್ದು ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇದ್ರೆ ಕೆಂಪು. ಕಡಿಮೆ ಇದ್ರೆ ಉಗುರು ಒತ್ತಿ ಬಿಡು, ಬಣ್ಣ ವಾಪಸ್ ಬರೋಕೆ 2 ಸೆಕೆಂಡ್‌ಗಿಂತ ಜಾಸ್ತಿ ಆದ್ರೆ ಕೆಂಪು. ಅದೂ ಸರಿ ಇದ್ರೆ, ನನ್ನ ಕೈ ಹಿಡಿದು ಒತ್ತಿ ಅಂತ ಹೇಳು, ಹೇಳಿದ್ದು ಮಾಡದಿದ್ರೆ ಕೆಂಪು, ಮಾಡಿದ್ರೆ ಹಳದಿ. ಇಷ್ಟೇ. ಮೂವತ್ತು, ಎರಡು, ಹೇಳಿದ್ದು ಮಾಡ್ತಾರಾ, ಅಂತ ಬಾಯಿಪಾಠ ಮಾಡ್ಕೊಳ್ಳಿ.

ಉಗುರು ಒತ್ತೋದು ರಾತ್ರಿ ಹೊತ್ತು, ಚಳೀಲಿ, ಟಾರ್ಚ್ ಬೆಳಕಲ್ಲಿ ನಂಬೋಕೆ ಆಗಲ್ಲ, ಆಗ ಮಣಿಕಟ್ಟಲ್ಲಿ ರೇಡಿಯಲ್ ಪಲ್ಸ್ ನೋಡಿ, ಸಿಗಲ್ಲ ಅಂದ್ರೆ ಕೆಂಪು. ಮತ್ತೆ ಟ್ರಯಾಜ್ ಮಾಡೋರು ಟ್ರೀಟ್‌ಮೆಂಟ್ ಮಾಡೋ ಹಂಗಿಲ್ಲ, ಏರ್‌ವೇ ಓಪನ್ ಮಾಡೋದು, ಧಾರಾಕಾರ ಸುರೀತಿರೋ ರಕ್ತ ನಿಲ್ಲಿಸೋದು, ಇವೆರಡಕ್ಕೆ ಮಾತ್ರ ಕೈ ಹಾಕಬೇಕು. ಟ್ಯಾಗ್ ಕಟ್ಟು, ಮುಂದೆ ನಡಿ. ಕೇಳೋಕೆ ಸುಲಭ ಅನ್ಸತ್ತೆ. ಒಬ್ಬರು ನಿಮ್ಮ ಸೆರಗೋ ಏಪ್ರನ್ನೋ ಹಿಡ್ಕೊಂಡು ಬಿಡದೇ ಇದ್ದಾಗ ಬಿಡಿಸ್ಕೊಂಡು ಮುಂದೆ ಹೋಗೋದಿದೆಯಲ್ಲ, ಅದನ್ನ ಯಾವ ಪುಸ್ತಕಾನೂ ಹೇಳ್ಕೊಡಲ್ಲ.

ಆ ರಾತ್ರಿ ಲೆಕ್ಕ ಕೊನೆಗೆ ನಿಂತಿದ್ದು ಹಸಿರು 17, ಹಳದಿ 8, ಕೆಂಪು 4, ಕಪ್ಪು 2. ಲೆಕ್ಕ ಸಿಕ್ಕಿದ ಮೇಲೆ ನೋಡಿ, ಗಾಬರಿ ಅರ್ಧಕ್ಕರ್ಧ ಇಳಿದೋಯ್ತು. 31 ಜನ ಅಂದಾಗ ಪ್ರಳಯ, 4 ಜನ ಕೆಂಪು ಅಂದಾಗ ಅದು ಮಾಡಬಲ್ಲ ಕೆಲಸ.

ಕಪ್ಪು ಟ್ಯಾಗ್ ಬಗ್ಗೆ ಸ್ಟೂಡೆಂಟ್ಸ್ ಯಾವಾಗ್ಲೂ ಕೇಳ್ತಾರೆ. ಆ ಇಬ್ಬರಲ್ಲಿ ಒಬ್ಬರು ಬಂದಾಗ್ಲೇ ಉಸಿರಿರಲಿಲ್ಲ, ತಲೆ ಸರಿ ಮಾಡಿದ್ರೂ ಬರ್ಲಿಲ್ಲ. ಮಾಮೂಲಿ ದಿನ ಆಗಿದ್ರೆ ಸಿಪಿಆರ್ ಶುರು ಮಾಡ್ತಿದ್ವಿ, ನಾಲ್ಕು ಜನ ಅರ್ಧ ಗಂಟೆ ಅವರ ಮೇಲೇ ಇರ್ತಿದ್ವಿ. ಅವತ್ತು ಆ ನಾಲ್ಕು ಜನ ಅಂದ್ರೆ ಇಡೀ ಕ್ಯಾಶುವಾಲ್ಟಿ. ಟ್ಯಾಗ್ ಕಟ್ಟಿದ್ದು ನನ್ನ ಕೈಯಾರೆ. ಮೇಲೆ ಬಟ್ಟೆ ಹೊದಿಸಿ ಒಂದು ಕಡೆ ಇಟ್ವಿ. ಆಮೇಲೆ ಸಿಸ್ಟರ್ ಒಂದು ಮಾತು ಹೇಳಿದ್ರು, ಕಪ್ಪು ಕಟ್ಟಿದ್ಮೇಲೂ ಇನ್ನೂ ಉಸಿರಿರೋ, ಆದ್ರೆ ಉಳಿಯಲ್ಲ ಅನ್ನೋರ ಹತ್ರ ಒಬ್ಬರನ್ನ ಕೂರಿಸಬೇಕು, ನೋವಿಗೆ ಔಷಧಿ ಕೊಡಬೇಕು, ಕೈ ಬಿಡೋದು ಅಂದ್ರೆ ಬಿಸಾಕೋದಲ್ಲ ಅಂತ. ಎರಡನೆಯವರ ಹತ್ರ ಆ ವಾರ್ಡ್ ಬಾಯ್ ಕೂತಿದ್ದ, ಕೈ ಹಿಡ್ಕೊಂಡು. ಅವನಿಗೆ ಯಾರೂ ಟ್ರೇನಿಂಗ್ ಕೊಟ್ಟಿರ್ಲಿಲ್ಲ.

ನಾನು ಮಾಡಿದ ಇನ್ನೆರಡು ತಪ್ಪು ಹೇಳಲೇಬೇಕು. ಒಂದು ಮಗು, ಏಳು ವರ್ಷ ಇರಬಹುದು, ಅಳ್ತಾ ಇತ್ತು, ಉಸಿರು ಎಣಿಸಿದೆ, 34. ಮೂವತ್ತಕ್ಕಿಂತ ಜಾಸ್ತಿ ಅಂತ ಕೆಂಪು ಕಟ್ಟಿದೆ. ಮಕ್ಕಳಿಗೆ ದೊಡ್ಡವರ ಲೆಕ್ಕ ನಡೆಯಲ್ಲ. 1995ರಲ್ಲಿ ಲೂ ರೋಮಿಗ್ ಅನ್ನೋ ಮಕ್ಕಳ ಎಮರ್ಜೆನ್ಸಿ ಡಾಕ್ಟರ್ ಇದಕ್ಕೇ ಅಂತ ಜಂಪ್‌ಸ್ಟಾರ್ಟ್ ಮಾಡಿದ್ರು, ಅದರಲ್ಲಿ ಉಸಿರು 15ರಿಂದ 45ರ ಒಳಗಿದ್ರೆ ಮುಂದಿನ ಸ್ಟೆಪ್‌ಗೆ ಹೋಗಬೇಕು. ಇನ್ನೊಂದು ವ್ಯತ್ಯಾಸ, ಮಗು ಉಸಿರಾಡ್ತಿಲ್ಲ, ಏರ್‌ವೇ ಓಪನ್ ಮಾಡಿದ್ರೂ ಇಲ್ಲ, ಆದ್ರೆ ಪಲ್ಸ್ ಇದೆ ಅಂದ್ರೆ ಐದು ಸಲ ಉಸಿರು ಕೊಟ್ಟು ನೋಡಬೇಕು, ಆಮೇಲೇ ಕಪ್ಪು. ಯಾಕಂದ್ರೆ ಮಕ್ಕಳಲ್ಲಿ ಸಾಮಾನ್ಯವಾಗಿ ಮೊದಲು ಕೈ ಕೊಡೋದು ಉಸಿರು, ಹಾರ್ಟ್ ಆಮೇಲೆ. ನನ್ನ ಓವರ್ ಟ್ರಯಾಜ್‌ನಿಂದ, ಅಂದ್ರೆ ಇರೋದಕ್ಕಿಂತ ಸೀರಿಯಸ್ ಅಂತ ಟ್ಯಾಗ್ ಕಟ್ಟಿದ್ರಿಂದ, ಮಗೂಗೆ ಏನೂ ಆಗ್ಲಿಲ್ಲ, ಆದ್ರೆ ಒಂದು ಕೆಂಪು ಬೆಡ್ ಇಪ್ಪತ್ತು ನಿಮಿಷ ಸುಮ್ನೆ ಹೋಯ್ತು.

ಎರಡನೇದು ಇದಕ್ಕಿಂತ ಕೆಟ್ಟದ್ದು. ಒಬ್ರು ನಡುವಯಸ್ಸಿನವರು, ಕೊನೇಗೆ ಬಂದೋರು, ಸೀಟಿನ ಕಬ್ಬಿಣದ ಕೆಳಗೆ ಎರಡೂ ತೊಡೆ ಗಂಟೆಗಟ್ಟಲೆ ಸಿಕ್ಕಿಹಾಕ್ಕೊಂಡಿತ್ತಂತೆ. ಬಂದಾಗ ಚೆನ್ನಾಗೇ ಮಾತಾಡ್ತಿದ್ರು, ನನಗೇ ಧೈರ್ಯ ಹೇಳಿದ್ರು. ಉಸಿರು ಸರಿ, ಪಲ್ಸ್ ಸರಿ, ಹೇಳಿದ್ದು ಮಾಡ್ತಾರೆ, ಹಳದಿ. ಸ್ಟಾರ್ಟ್ ಪ್ರಕಾರ ಅದು ಕರೆಕ್ಟೇ. ತಪ್ಪಾಗಿದ್ದು ನಾನು ಹಳದಿ ಕಟ್ಟಿ ಮರೆತಿದ್ದು. ಮುಕ್ಕಾಲು ಗಂಟೆ ಆದ್ಮೇಲೆ ಇಂಟರ್ನ್ ರೌಂಡ್ ಹೋದಾಗ ಪಲ್ಸ್ ಏರುಪೇರು ಅನ್ಸಿ ಇಸಿಜಿ ತೆಗೆದ, ಟಿ ವೇವ್ ಗೋಪುರದ ಥರ ಎದ್ದು ನಿಂತಿದೆ, ರಕ್ತದಲ್ಲಿ ಪೊಟ್ಯಾಶಿಯಂ ಏರಿದೆ ಅನ್ನೋ ಗುರುತು ಅದು. ಕ್ರಶ್ ಸಿಂಡ್ರೋಮ್. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬಿದ್ದಾಗ ಕಟ್ಟಡದ ಕೆಳಗಿಂದ ತೆಗೆದೋರು ಮೊದಲು ಚೆನ್ನಾಗಿದ್ದು ಆಮೇಲೆ ಕಿಡ್ನಿ ಹೋಗಿ ಸಾಯೋದನ್ನ ನೋಡಿ ಬೈವಾಟರ್ಸ್ ಅನ್ನೋ ಡಾಕ್ಟರ್ 1941ರಲ್ಲಿ ಬರೆದಿದ್ರು ಇದನ್ನ. ಜಜ್ಜಿದ ಮಾಂಸಖಂಡದಿಂದ ಪೊಟ್ಯಾಶಿಯಂ ಮತ್ತೆ ಮಯೋಗ್ಲೋಬಿನ್ ಅನ್ನೋ ಸ್ನಾಯುವಿನ ಪ್ರೋಟೀನ್ ರಕ್ತಕ್ಕೆ ನುಗ್ಗತ್ತೆ, ಒಂದು ಹಾರ್ಟ್ ಹಿಡಿಯತ್ತೆ, ಇನ್ನೊಂದು ಕಿಡ್ನಿ ಹಿಡಿಯತ್ತೆ. ನಾನು ಓಡಿ ಹೋಗಿ ಕೈಗೆ ಸಿಕ್ಕಿದ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಬಾಟಲ್ ತಂದೆ, ಡಾಕ್ಟರ್ ಗದರಿದ್ರು, ಅದರಲ್ಲೇ ಪೊಟ್ಯಾಶಿಯಂ ಇದೆ, ನಾರ್ಮಲ್ ಸಲೈನ್ ಹಾಕಿ ಸಿಸ್ಟರ್ ಅಂತ. ಹಾರ್ಟ್ ಕಾಪಾಡೋಕೆ ಕ್ಯಾಲ್ಶಿಯಂ ಗ್ಲುಕೋನೇಟ್, ಪೊಟ್ಯಾಶಿಯಂ ಇಳಿಸೋಕೆ ಇನ್ಸುಲಿನ್ ಡೆಕ್ಸ್‌ಟ್ರೋಸ್ ಕೊಟ್ಟು, ಆಮೇಲೆ ಡಯಾಲಿಸಿಸ್ ಇರೋ ಕಡೆಗೆ ಕಳಿಸಿದ್ವಿ. ಉಳಿದ್ರು. ಅವತ್ತಿಂದ ನನ್ನ ಬಾಯಲ್ಲಿ ಒಂದೇ, ಟ್ಯಾಗ್ ಅನ್ನೋದು ಫೋಟೋ, ಪೇಷಂಟ್ ಸಿನಿಮಾ. ಹಳದಿ ಏರಿಯಾದಲ್ಲಿ ಒಬ್ಬರು ಸುತ್ತುತಾನೇ ಇರಬೇಕು, ಮತ್ತೆ ಮತ್ತೆ ಟ್ರಯಾಜ್ ಮಾಡ್ತಾನೇ ಇರಬೇಕು.

ಕಮಾಂಡ್, ಅಂದ್ರೆ ಯಾರು ಯಾರ ಮಾತು ಕೇಳಬೇಕು ಅನ್ನೋದರ ಬಗ್ಗೆ ಜಾಸ್ತಿ ಬರೆಯಲ್ಲ, ಅದು ಓದಕ್ಕೆ ಬೋರು, ಮಾಡಕ್ಕೆ ಮಾತ್ರ ಬೇಕೇ ಬೇಕು. ಒಬ್ಬರಿಗೆ ಒಬ್ಬರೇ ಬಾಸ್, ಒಬ್ಬ ಬಾಸ್ ಕೆಳಗೆ ಸುಮಾರು ಐದು ಜನ, ಏಳರ ಮೇಲೆ ಬೇಡ. ಅವತ್ತು ಆ ಸಿಸ್ಟರ್ ಒಂದೇ ಒಂದು ಪೇಷಂಟನ್ನೂ ಮುಟ್ಲಿಲ್ಲ, ನನಗೆ ಆಗ ಕೋಪಾನೂ ಬಂದಿತ್ತು, ಇಷ್ಟು ಕೆಲಸ ಇದೆ ಇವ್ರು ಬಾಗಿಲಲ್ಲಿ ನಿಂತಿದಾರಲ್ಲ ಅಂತ. ಅವರು ಮುಟ್ಟದೇ ಇದ್ದಿದ್ದಕ್ಕೇ ನಮ್ಮೆಲ್ಲರ ಕೈ ಸರಿಯಾದ ಜಾಗದಲ್ಲಿತ್ತು. ಆಪರೇಷನ್ ಥಿಯೇಟರ್‌ಗೆ ಫೋನು, ಬ್ಲಡ್ ಬ್ಯಾಂಕ್‌ಗೆ ಫೋನು, ವಾರ್ಡಲ್ಲಿ ಮಾರನೇ ದಿನ ಡಿಸ್ಚಾರ್ಜ್ ಆಗೋರನ್ನ ಹಾಲ್‌ಗೆ ಕೂರಿಸಿ ಬೆಡ್ ಖಾಲಿ ಮಾಡಿಸಿದ್ದು, ಹಾಸ್ಟೆಲಿಂದ ಸ್ಟೂಡೆಂಟ್ಸ್ ಕರೆಸಿ ಹಸಿರು ಏರಿಯಾಗೆ ಹಾಕಿದ್ದು, ಎಲ್ಲಾ ಬಾಗಿಲಲ್ಲಿ ನಿಂತೇ. ಏಕ್‌ದಂ ಪೇಷಂಟ್ಸ್ ನುಗ್ಗಿದಾಗ ತಡ್ಕೊಳ್ಳೋ ಶಕ್ತಿಗೆ ಸರ್ಜ್ ಕೆಪ್ಯಾಸಿಟಿ ಅಂತಾರಲ್ಲ, ಜನ, ಸಾಮಾನು, ಜಾಗ, ಅದು ಇದೇ.

ಜಾಗ ಅಂದಾಗ ನಾನು ಕ್ಲಾಸಲ್ಲಿ ತಪ್ಪದೇ ಹೇಳೋದು ಟೋಕಿಯೋ ಕತೆ. 1995ರ ಮಾರ್ಚ್ 20ರಂದು ಅಲ್ಲಿ ಸಬ್‌ವೇ ರೈಲಲ್ಲಿ ಸರಿನ್ ವಿಷ ಬಿಟ್ರು, ಸೇಂಟ್ ಲ್ಯೂಕ್ಸ್ ಆಸ್ಪತ್ರೆ ಒಂದಕ್ಕೇ ಅವತ್ತು 640 ಜನ ಬಂದ್ರು. ಆ ಆಸ್ಪತ್ರೆ ಕಟ್ಟಿಸೋವಾಗ ಹಿನೋಹಾರ ಅನ್ನೋ ಹಿರಿಯ ಡಾಕ್ಟರ್, ಯುದ್ಧದ ಬಾಂಬ್ ದಾಳಿ ಕಂಡಿದ್ದೋರು, ಕಾರಿಡಾರ್ ಗೋಡೆ, ಪ್ರಾರ್ಥನಾ ಮಂದಿರದ ಗೋಡೇಲೂ ಆಕ್ಸಿಜನ್ ಪಾಯಿಂಟ್ ಇಡಿಸಿದ್ರು. ಆ ದಿನ ಪೇಷಂಟ್ಸನ್ನ ಅಲ್ಲೆಲ್ಲ ಮಲಗಿಸಿದ್ರು. ಆದ್ರೆ ಅದೇ ಕತೆಯ ಇನ್ನೊಂದು ಮುಖಾನೂ ಹೇಳ್ತೀನಿ, ಬಂದೋರ ಬಟ್ಟೆ ಬಿಚ್ಚಿಸದೇ ಒಳಗೆ ಬಿಟ್ಟಿದ್ರಿಂದ ನೋಡ್ಕೊಂಡ ಸ್ಟಾಫ್‌ಗೂ ಕಣ್ಣುರಿ, ತಲೆನೋವು ಶುರುವಾಯ್ತು. ಕೆಮಿಕಲ್ ಅನ್ನೋ ಸಣ್ಣ ಅನುಮಾನ ಬಂದ್ರೂ ಬಾಗಿಲ ಹೊರಗೇ ನಿಲ್ಲಿಸಿ ಬಟ್ಟೆ ಬಿಚ್ಚಿಸಿ, ಬಹುಪಾಲು ವಿಷ ಬಟ್ಟೆ ಜೊತೇನೇ ಹೋಗತ್ತೆ, ಆಮೇಲೆ ನೀರು. ನೀವೇ ಪೇಷಂಟ್ ಆದ್ರೆ ಲೆಕ್ಕ ಇನ್ನೊಂದು ಜಾಸ್ತಿ ಆಯ್ತು, ಕೈ ಎರಡು ಕಡಿಮೆ ಆಯ್ತು.

ನಾಲ್ಕು ಹಂತ ಅಂತ ರೌಂಡ್ ಹಾಕಿ ಬಾಣ ಎಳೀತಿದ್ನಲ್ಲ, ಈಗ ಅದರಲ್ಲಿ ರೆಸ್ಪಾನ್ಸ್ ಅನ್ನೋದು ತುಂಬಾ ಚಿಕ್ಕದು ಅನ್ಸತ್ತೆ ನನಗೆ. ಆ ರಾತ್ರಿ ನಾವು ಓಡಿದ್ದು ಐದು ಗಂಟೆ. ಉಳಿದ ವರ್ಷವೆಲ್ಲ ಮಿಕ್ಕ ಮೂರು ಹಂತಾನೇ. ಒಡಿಶಾದಲ್ಲಿ 1999ರ ಸೂಪರ್ ಸೈಕ್ಲೋನ್‌ಗೆ ಸುಮಾರು 10,000 ಜನ ಸತ್ರು, 2013ರಲ್ಲಿ ಫೈಲಿನ್ ಅನ್ನೋ ಭಾರೀ ಸೈಕ್ಲೋನ್ ಅದೇ ರಾಜ್ಯಕ್ಕೆ ಬಡಿದಾಗ ಸತ್ತೋರು 50ರ ಒಳಗೆ. ಗಾಳಿ ಮೆತ್ತಗಾಗಿದ್ದಲ್ಲ, ಮಧ್ಯದಲ್ಲಿ ಶೆಲ್ಟರ್ ಕಟ್ಟಿದ್ರು, ವಾರ್ನಿಂಗ್ ಸರಿ ಮಾಡಿದ್ರು, ಲಕ್ಷಾಂತರ ಜನರನ್ನ ಮೊದಲೇ ಎಬ್ಬಿಸಿ ಕಳಿಸಿದ್ರು. ಒಂದು ಬಾಟಲ್ ಡ್ರಿಪ್ ಹಾಕೋ ಮುಂಚೆ ಉಳಿದ ಪ್ರಾಣಗಳು ಅವು. ಆಸ್ಪತ್ರೇಲೂ ಹಾಗೇ, 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಆಸ್ಪತ್ರೆಗಳಲ್ಲಿ ಜನರೇಟರೋ ಅದರ ಸ್ವಿಚ್ ಬೋರ್ಡೋ ಕೆಳಗಡೆ ಇದ್ದು ನೀರಿಗೆ ಸಿಕ್ಕಿ ಕರೆಂಟ್ ಹೋಯ್ತು, ನರ್ಸುಗಳು ಕೈಯಲ್ಲಿ ಆಂಬು ಬ್ಯಾಗ್ (ಒತ್ತಿ ಉಸಿರು ಕೊಡೋ ಚೀಲ) ಒತ್ತಬೇಕಾಯ್ತು. ಹಾಗಾಗಿ ನನ್ನ ಸ್ಟೂಡೆಂಟ್ಸ್ ಹೊಸ ವಾರ್ಡ್‌ಗೆ ಹೋದ ದಿನವೇ ಅಸೈನ್‌ಮೆಂಟ್, ಆಕ್ಸಿಜನ್ ಮೇನ್ ವಾಲ್ವ್ ಎಲ್ಲಿದೆ, ಫೈರ್ ಎಕ್ಸ್‌ಟಿಂಗ್ವಿಷರ್ ಎಲ್ಲಿದೆ, ಬೆಂಕಿ ಬಿದ್ರೆ ಅದೇ ಫ್ಲೋರಲ್ಲಿ ಯಾವ ಬಾಗಿಲ ಆಚೆ ಪೇಷಂಟ್ಸನ್ನ ತಳ್ಳೋದು, ಬರ್ಕೊಂಡು ಬನ್ನಿ ಅಂತ. ಮೆಟ್ಟಿಲು ಇಳಿಸೋದು ಆಮೇಲಿನ ಮಾತು, ಮೊದಲು ಅಡ್ಡಕ್ಕೆ ಹೋಗಬೇಕು.

ರಿಕವರಿ ಅಂದ್ರೆ ಕಟ್ಟಡ ರಿಪೇರಿ ಅಂತ ಬರೀತಿದ್ದೆ ಪರೀಕ್ಷೇಲಿ. ನನಗೆ ಮೂರು ವಾರ ನಿದ್ದೆ ಸರಿಯಾಗಿ ಬರ್ಲಿಲ್ಲ, ಕಪ್ಪು ಟ್ಯಾಗಿನ ದಾರ ಕಟ್ಟಿದ್ದೇ ಕೈಗೆ ನೆನಪು ಬರೋದು. ಆಮೇಲೊಂದು ದಿನ ಎಲ್ಲರನ್ನೂ ಸುತ್ತ ಕೂರಿಸಿ ಆ ರಾತ್ರಿ ಏನನ್ಸಿತು ಹೇಳಿ ಹೇಳಿ ಅಂತ ಒತ್ತಾಯ ಮಾಡಿದ್ರು, ನನಗೆ ಇನ್ನೂ ಕಷ್ಟ ಆಯ್ತು. ಹಾಗೆ ಬಲವಂತವಾಗಿ ಒಂದೇ ಸಲ ಎಲ್ಲಾ ಕೆದಕೋದನ್ನ ವಿಶ್ವ ಆರೋಗ್ಯ ಸಂಸ್ಥೆಯೇ ಬೇಡ ಅನ್ನತ್ತೆ ಅಂತ ಆಮೇಲೆ ಓದಿದೆ. 2011ರಲ್ಲಿ ಅವರು ತಂದ ಸೈಕಲಾಜಿಕಲ್ ಫಸ್ಟ್ ಏಡ್ ಕೈಪಿಡೀಲಿ ಇರೋದು ಮೂರೇ, ನೋಡು, ಕೇಳಿಸ್ಕೋ, ಜೋಡಿಸು. ಯಾರಿಗೆ ಏನು ಬೇಕು ಅಂತ ನೋಡು, ಹೇಳಿದ್ರೆ ಕೇಳಿಸ್ಕೋ, ಹೇಳದಿದ್ರೆ ಪಕ್ಕದಲ್ಲಿ ಕೂರು, ಮನೆಯೋರಿಗೋ ಡಾಕ್ಟರಿಗೋ ಜೋಡಿಸು. ನನಗೆ ಕೆಲಸ ಮಾಡಿದ್ದು ಆ ಸಿಸ್ಟರ್ ನೈಟ್ ಮುಗಿಸಿ ನನ್ನ ಜೊತೆ ಸುಮ್ನೆ ನಡ್ಕೊಂಡು ಬಂದಿದ್ದು, ಅಷ್ಟೇ. ಏನೂ ಕೇಳ್ಲಿಲ್ಲ.

ಒಂದು ವಿಷಯ ಮೇಲೆ ಹೇಳದೇ ಬಿಟ್ಟೆ. ಆ ರಾತ್ರಿ ನಾವು ಕಟ್ಟಿದ್ದು ನಿಜವಾದ ಟ್ಯಾಗ್ ಅಲ್ಲ, ಪ್ಲಾಸ್ಟರ್ ಹರಿದು ಅದರ ಮೇಲೆ ಪೆನ್ನಲ್ಲಿ ಬಣ್ಣದ ಹೆಸರು ಬರೆದು ದಾರ ಹಾಕಿದ್ದು. ಟ್ಯಾಗ್ ಇತ್ತು, ಡಿಸಾಸ್ಟರ್ ಕಬೋರ್ಡ್ ಅಂತ ಬೋರ್ಡ್ ಹಾಕಿದ ಬೀರು ಒಳಗೆ, ಬೀಗ ಹಾಕಿತ್ತು, ಬೀಗದ ಕೈ ಡೇ ಡ್ಯೂಟಿ ಇನ್‌ಚಾರ್ಜ್ ಹತ್ರ, ಅವರು ಮನೇಲಿ ಮಲಗಿದ್ರು. ಈಗ ನಾನಿರೋ ಕಡೆ ಬೀಗದ ಕೈ ಗಾಜಿನ ಡಬ್ಬೀಲಿ ಬೀರು ಪಕ್ಕಾನೇ ನೇತಾಡತ್ತೆ, ತಿಂಗಳಿಗೊಂದು ಸಲ ಲಿಸ್ಟ್ ಹಿಡ್ಕೊಂಡು ಎಣಿಸ್ತೀವಿ, ಆರು ತಿಂಗಳಿಗೊಂದು ಸಲ ಹೇಳದೇ ಕೇಳದೇ ಡ್ರಿಲ್. ಹೋದ ಸಲದ ಡ್ರಿಲ್‌ನಲ್ಲಿ ಒಂದು ಹುಡುಗಿ ಗಾಜು ಒಡೆದು, ಬೀರು ತೆಗೆದು, ನಾಲ್ಕೂ ಬಣ್ಣದ ಟ್ಯಾಗ್ ತಗೊಂಡು ಒಂದೇ ನಿಮಿಷದಲ್ಲಿ ಬಾಗಿಲಿಗೆ ಬಂದ್ಲು, ನನಗೆ ಒಳಗೊಳಗೇ ಖುಷಿ. ಟ್ಯಾಗ್ ಮೇಲೆ ಬರೆಯೋಕೆ ಮಾರ್ಕರ್ ಕ್ಯಾಪ್ ತೆಗೆದ್ಲು. ಮೂರೂ ಮಾರ್ಕರ್ ಒಣಗಿ ಹೋಗಿತ್ತು. ಮಾರ್ಕರ್ ಎಣಿಸಿದ್ವಿ, ಬರೆದು ನೋಡಿರ್ಲಿಲ್ಲ. ಈಗ ಲಿಸ್ಟಲ್ಲಿ ಅದನ್ನೂ ಸೇರಿಸಿದೀವಿ.